ಸಿಂಕ್ ಯಾಕೆ ಆಗಲಿಲ್ಲ ಅಂತ ಬಾಯಿ ಬಿಟ್ಟು ಹೇಳುವ ಆ್ಯಪ್: ಡ್ಯಾವ್‌ಎಕ್ಸ್5 ಮತ್ತು ಅದರ ಲಾಗ್

ಕ್ಯಾಲೆಂಡರ್ ಸಿಂಕ್ ಮಾಡುವ ಆ್ಯಪ್ ಬಗ್ಗೆ ರಿವ್ಯೂ ಬರೆಯುವುದು ಸುಲಭವಲ್ಲ. ಸರಿಯಾಗಿ ನಡೆಯುತ್ತಿದ್ದರೆ ಅದು ಫೋನಿನಲ್ಲಿ ಇದೆ ಅನ್ನುವುದೇ ಮರೆತುಹೋಗುತ್ತದೆ. ನಿಂತ ದಿನ ಮಾತ್ರ ಅದಕ್ಕೆ ಬೈಗುಳ. ಹಾಗಾಗಿ ಡ್ಯಾವ್‌ಎಕ್ಸ್5 ಎಷ್ಟು ಚೆನ್ನಾಗಿ ಸಿಂಕ್ ಮಾಡುತ್ತದೆ ಅಂತ ನಾನಿಲ್ಲಿ ಹೆಚ್ಚು ಹೇಳಲು ಹೋಗುವುದಿಲ್ಲ. ಸಿಂಕ್ ಆಗದೆ ಹೋದಾಗ ಅದು ಏನು ಹೇಳುತ್ತದೆ, ಹೇಳಿದ್ದು ನನ್ನಂಥವಳಿಗೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದಷ್ಟೇ ಇಲ್ಲಿನ ವಿಷಯ.

ನನ್ನಂಥವಳು ಅಂದರೆ ಬಿ.ಕಾಂ. ಓದಿದವಳು, ಕೋಡ್ ಬರೆಯಲು ಬಾರದವಳು. ಸಾಗರದ ಹತ್ತಿರ ನಮ್ಮದು ಅಡುಗೆ ಕಾಂಟ್ರಾಕ್ಟ್. ಅಪ್ಪಯ್ಯ ಅಡುಗೆ ಭಟ್ಟರು. ಮದುವೆ, ಉಪನಯನ, ಗೃಹಪ್ರವೇಶ, ವೈದಿಕ, ಕರೆದಲ್ಲಿಗೆಲ್ಲ ಹೋಗುತ್ತಾರೆ. ಬುಕಿಂಗ್, ಎಲೆ ಲೆಕ್ಕ, ಸಾಮಾನು ಚೀಟಿ, ಬಡಿಸುವವರನ್ನು ಹೊಂದಿಸುವುದು, ಪಾತ್ರೆ ಗಾಡಿ ಕಳಿಸುವುದು ನನ್ನ ಪಾಲಿಗೆ. ಒಳ್ಳೆ ಮುಹೂರ್ತದ ದಿನ ಎರಡು ಮೂರು ಕಡೆ ಅಡುಗೆ ಇರುತ್ತದೆ. ಯಾರು ಯಾವ ಮನೆಗೆ, ಹಿಂದಿನ ದಿನ ರಾತ್ರಿಯೇ ಹೋಗಬೇಕೋ ಬೆಳಿಗ್ಗೆ ಸಾಕೋ, ಎಷ್ಟು ಎಲೆ, ಮೆನು ಏನು ಇದೆಲ್ಲ ಅಪ್ಪಯ್ಯನ ಫೋನಿನಲ್ಲಿ, ಇನ್ನಿಬ್ಬರು ಹಿರಿಯ ಅಡುಗೆಯವರ ಫೋನಿನಲ್ಲಿ, ನನ್ನ ಫೋನಿನಲ್ಲಿ ಒಂದೇ ಥರ ಕಾಣಬೇಕು. ಗಿರಾಕಿಗಳ ಮನೆ ವಿವರ, ಫೋನ್ ನಂಬರು ನಮ್ಮ ಕೈಯಲ್ಲೇ ಇರಲಿ ಅಂತ ಸಣ್ಣ ಹೋಸ್ಟಿಂಗ್ (ಬಾಡಿಗೆಯ ಸರ್ವರ್ ಜಾಗ) ತಗೊಂಡು ಅದರಲ್ಲಿ ಕ್ಯಾಲೆಂಡರ್, ಫೈಲು ಇತ್ಯಾದಿ ಇಡುವ ನೆಕ್ಸ್ಟ್‌ಕ್ಲೌಡ್ ಅನ್ನುವ ಸಾಫ್ಟ್‌ವೇರ್ ಹಾಕಿಸಿದ್ದೇವೆ. ಕ್ಯಾಲೆಂಡರ್, ಕಾಂಟ್ಯಾಕ್ಟ್ ಎರಡೂ ಅಲ್ಲೇ.

ಅಲ್ಲಿಂದ ಫೋನಿಗೆ ತರುವುದು ಡ್ಯಾವ್‌ಎಕ್ಸ್5. ಐಫೋನಿನಲ್ಲಿ ಕ್ಯಾಲ್‌ಡ್ಯಾವ್ (ಸರ್ವರಿನ ಜೊತೆ ಕ್ಯಾಲೆಂಡರ್ ಹಂಚಿಕೊಳ್ಳುವ ಪದ್ಧತಿ) ಖಾತೆ ಸೇರಿಸುವ ವ್ಯವಸ್ಥೆ ಒಳಗೇ ಇದೆ; ಆಂಡ್ರಾಯ್ಡ್‌ನಲ್ಲಿ ಇಲ್ಲ, ಅದಕ್ಕೊಂದು ಆ್ಯಪ್ ಬೇಕು. ಇದನ್ನು ಮಾಡಿದವರು ಆಸ್ಟ್ರಿಯಾದ ಬಿಟ್‌ಫೈರ್ ಅನ್ನುವ ಪುಟ್ಟ ಕಂಪನಿ. ಮೊದಲು ಇದರ ಹೆಸರು ಡ್ಯಾವ್‌ಡ್ರಾಯ್ಡ್ ಅಂತ ಇತ್ತು, 2018ರಲ್ಲಿ ಬದಲಾಯಿತು. ಓಪನ್ ಸೋರ್ಸ್, ಅಂದರೆ ಇದರ ಕೋಡ್ ಯಾರು ಬೇಕಾದರೂ ನೋಡಬಹುದು. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ತಗೊಳ್ಳಬೇಕು, ಎಫ್-ಡ್ರಾಯ್ಡ್ ಅನ್ನುವ ಓಪನ್ ಸೋರ್ಸ್ ಆ್ಯಪ್‌ಗಳ ಸ್ಟೋರ್‌ನಲ್ಲಿ ಉಚಿತ. ಇದಕ್ಕೆ ತನ್ನದೇ ಆದ ಕ್ಯಾಲೆಂಡರ್ ಪರದೆ ಇಲ್ಲ. ಹಿಂದೆ ನಿಂತು ಮಾಹಿತಿ ತಂದು ಹಾಕುತ್ತದೆ ಅಷ್ಟೆ. ನೋಡುವುದು ನೀವು ದಿನಾ ಬಳಸುವ ಕ್ಯಾಲೆಂಡರ್ ಆ್ಯಪ್‌ನಲ್ಲೇ. ಇದು ತಿಳಿಯದೆ ‘ಓಪನ್ ಮಾಡಿದರೆ ಏನೂ ಕಾಣಲ್ಲ’ ಅಂತ ಒಂದು ಸ್ಟಾರ್ ಕೊಟ್ಟರೆ ಅನ್ಯಾಯ.

ಇನ್ನು ಲಾಗ್, ಅಂದರೆ ಆ್ಯಪ್ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಾಖಲೆ, ಅದರ ವಿಷಯ. ಬಹಳಷ್ಟು ಆ್ಯಪ್‌ಗಳು ಕೆಟ್ಟಾಗ ‘ಏನೋ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಅನ್ನುತ್ತವೆ. ಏನು ತಪ್ಪಾಗಿದೆ ಅಂತ ಅವಕ್ಕೆ ಗೊತ್ತಿರುತ್ತದೆ, ನಮಗೆ ಹೇಳುವುದಿಲ್ಲ. ಫೋನಿನದ್ದೇ ಒಟ್ಟು ಲಾಗ್ ತೆಗೆಯಬಹುದಲ್ಲ ಅಂದರೆ, ಡೆವಲಪರ್ ಆಪ್ಶನ್ಸ್ ಒಳಗೆ ಬಗ್ ರಿಪೋರ್ಟ್ ಅಂತ ಇದೆ ನಿಜ. ತೆಗೆದರೆ ಒಂದು ದೊಡ್ಡ ಜಿಪ್ ಫೈಲು ಬರುತ್ತದೆ. ಇಡೀ ಫೋನಿನ ಸಮಸ್ತ ಗಲಾಟೆ ಅದರಲ್ಲಿ. ನಮಗೆ ಬೇಕಾದ ಸಾಲು ಹುಡುಕುವಷ್ಟರಲ್ಲಿ ಮದುವೆ ಮುಗಿದು ಗೃಹಪ್ರವೇಶವೂ ಆಗಿರುತ್ತದೆ. ಹಿಂದೆ ಬೇರೆ ಆ್ಯಪ್ ಹಾಕಿಕೊಂಡು ಎಲ್ಲ ಆ್ಯಪ್‌ಗಳ ಲಾಗ್ ಓದಬಹುದಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಿಂದ ಗೂಗಲ್ ಅದನ್ನು ನಿಲ್ಲಿಸಿತು. ಒಂದು ಆ್ಯಪ್ ಇನ್ನೊಂದರ ಲಾಗ್ ನೋಡಬಾರದು ಅನ್ನುವುದು ಸರಿಯಾದ ನಿಯಮವೇ. ಆದರೆ ಅದರಿಂದಾಗಿ ಆ್ಯಪ್ ತಾನಾಗಿ ತನ್ನ ಲಾಗ್ ತೋರಿಸದಿದ್ದರೆ ಕಂಪ್ಯೂಟರಿಗೆ ಕೇಬಲ್ ಹಾಕದೆ ನಮ್ಮಂಥವರಿಗೆ ದಾರಿಯಿಲ್ಲ.

ಡ್ಯಾವ್‌ಎಕ್ಸ್5 ತೋರಿಸುತ್ತದೆ. ಸೆಟ್ಟಿಂಗ್ಸ್ ಒಳಗೆ ಡಿಬಗ್ಗಿಂಗ್ (ದೋಷ ಹುಡುಕುವುದು) ಅಂತ ಒಂದು ಭಾಗ. ಅದರಲ್ಲಿ ಮುಖ್ಯವಾದದ್ದು ಎರಡು. ಒಂದು ಡಿಬಗ್ ಇನ್ಫೋ. ಇದು ಈ ಕ್ಷಣದಲ್ಲಿ ಆ್ಯಪ್ ಮತ್ತು ಫೋನು ಯಾವ ಸ್ಥಿತಿಯಲ್ಲಿವೆ ಅನ್ನುವ ವರದಿ: ಆವೃತ್ತಿ, ಎಲ್ಲಿಂದ ಇನ್‌ಸ್ಟಾಲ್ ಆಗಿದೆ, ಯಾವ ಅನುಮತಿ ಇದೆ ಯಾವುದು ಇಲ್ಲ, ನೆಟ್‌ವರ್ಕ್ ಹೇಗಿದೆ, ಬ್ಯಾಟರಿ ಉಳಿತಾಯದ ಕಡಿವಾಣ ಬಿದ್ದಿದೆಯೋ ಇಲ್ಲವೋ, ಯಾವ ಖಾತೆ, ಎಷ್ಟು ಹೊತ್ತಿಗೊಮ್ಮೆ ಸಿಂಕ್. ಇನ್ನೊಂದು ವರ್ಬೋಸ್ ಲಾಗಿಂಗ್, ಅಂದರೆ ವಿವರವಾದ ಲಾಗ್. ಇದು ಮಾಮೂಲಾಗಿ ಆಫ್ ಇರುತ್ತದೆ. ಆನ್ ಮಾಡಿದ ಮೇಲೆ ಆ್ಯಪ್ ಸರ್ವರಿನ ಜೊತೆ ಆಡುವ ಮಾತೆಲ್ಲ ಫೈಲಿಗೆ ಬರೆಯುತ್ತಾ ಹೋಗುತ್ತದೆ. ಲಾಗ್ ಬರೆಯುತ್ತಿದ್ದೇನೆ ಅಂತ ಒಂದು ನೋಟಿಫಿಕೇಶನ್ ಮೇಲೆ ಕೂತಿರುತ್ತದೆ. ಇದು ಬಿಟ್ಟು, ಸಿಂಕ್ ಮಾಡುವಾಗ ದೋಷ ಬಂದರೆ ಅದರ ನೋಟಿಫಿಕೇಶನ್ ಒತ್ತಿದಾಗ ನೇರ ಆ ದೋಷದ ವಿವರಕ್ಕೇ ಕರೆದುಕೊಂಡು ಹೋಗುತ್ತದೆ: ಸರ್ವರ್ ಏನೆಂದಿತು, ಯಾವ ಐಟಂ ವಿಷಯದಲ್ಲಿ ತಕರಾರು ಬಂತು ಎಲ್ಲ ಅಲ್ಲಿ.

ಓದುವುದು ಹೇಗೆ? ನಾನು ಕಲಿತದ್ದು ಬಹಳ ಕಡಿಮೆ, ಅಷ್ಟೇ ಸಾಕಾಗಿದೆ. ಬಲಕ್ಕೆ ಮುಖ ಮಾಡಿದ ಬಾಣ ಇದ್ದರೆ ಫೋನು ಸರ್ವರಿಗೆ ಕೇಳಿದ್ದು, ಎಡಕ್ಕೆ ಮುಖ ಮಾಡಿದ ಬಾಣ ಸರ್ವರ್ ಹೇಳಿದ್ದು. ಉತ್ತರದ ಬಾಣದ ಪಕ್ಕ ಮೂರಂಕಿಯ ಸಂಖ್ಯೆ ಇರುತ್ತದೆ. 200, 201, 204, 207 ಕಂಡರೆ ನಿಶ್ಚಿಂತೆ. 401 ಅಂದರೆ ಪಾಸ್‌ವರ್ಡ್ ಒಪ್ಪಲಿಲ್ಲ, 403 ಅಂದರೆ ಒಳಗೆ ಬಿಟ್ಟರೂ ಅದನ್ನು ಮುಟ್ಟಲು ಅನುಮತಿ ಇಲ್ಲ, 404 ಅಂದರೆ ಆ ವಿಳಾಸದಲ್ಲಿ ಏನೂ ಇಲ್ಲ, 500 ಮತ್ತು ಅದಕ್ಕಿಂತ ಮೇಲಿನದು ಸರ್ವರಿನದ್ದೇ ತಾಪತ್ರಯ. 412 ಒಂದು ಬೇರೆ ಥರ. ನಾನು ಎಲೆ ಲೆಕ್ಕ ತಿದ್ದಿ ಇನ್ನೂ ಕಳಿಸಿಲ್ಲ, ಅಷ್ಟರಲ್ಲಿ ಬೇರೆಯವರು ಅದೇ ಬುಕಿಂಗ್ ತಿದ್ದಿ ಕಳಿಸಿಬಿಟ್ಟಿದ್ದಾರೆ ಅನ್ನಿ. ನನ್ನದನ್ನು ಕಳಿಸಲು ಹೋದಾಗ ಸರ್ವರ್ 412 ಅನ್ನುತ್ತದೆ. ಡ್ಯಾವ್‌ಎಕ್ಸ್5ರ ನಿಯಮ ಏನೆಂದರೆ ಇಂಥ ಜಗಳದಲ್ಲಿ ಸರ್ವರಿನಲ್ಲಿರುವುದೇ ಗೆಲ್ಲಬೇಕು. ನನ್ನ ತಿದ್ದುಪಡಿ ಮಾಯ. ಹೀಗಾಗುತ್ತದೆ ಅಂತ ತಿಳಿದ ಮೇಲೆ ಎಲೆ ಲೆಕ್ಕ ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ ಅಂತ ಮನೆಯಲ್ಲಿ ಕಾನೂನು ಮಾಡಿದ್ದೇನೆ. ಆ ಒಬ್ಬರು ನಾನೇ.

ಲಾಗ್ ಮೊದಲು ಕೆಲಸಕ್ಕೆ ಬಂದದ್ದು ಹೋಸ್ಟಿಂಗ್‌ನವರು ತಮ್ಮ ಸರ್ವರ್ ಬದಲಿಸಿದಾಗ. ಹಳೆಯ ಫೋನುಗಳೆಲ್ಲ ಆರಾಮಾಗಿ ಸಿಂಕ್ ಆಗುತ್ತಿದ್ದವು. ಹೊಸದಾಗಿ ಬಂದ ಅಡುಗೆಯವರ ಫೋನಿನಲ್ಲಿ ಖಾತೆ ಸೇರಿಸಲು ಹೋದರೆ ಕ್ಯಾಲ್‌ಡ್ಯಾವ್ ಸೇವೆಯೇ ಸಿಗಲಿಲ್ಲ ಅಂತ ಬರುತ್ತಿತ್ತು. ಅದೇ ಹೆಸರು, ಅದೇ ಪಾಸ್‌ವರ್ಡ್, ಅದೇ ವಿಳಾಸ. ಫೋನ್ ಮಾಡಿದರೆ ‘ಬ್ರೌಸರ್‌ನಲ್ಲಿ ಓಪನ್ ಆಗ್ತಿದೆಯಲ್ಲ ಮೇಡಂ, ನಮ್ ಕಡೆ ಎಲ್ಲ ಸರಿ ಇದೆ, ಆ್ಯಪ್ ತೆಗೆದು ಮತ್ತೆ ಹಾಕಿ’ ಅಂದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ, ಬ್ರೌಸರ್‌ನಲ್ಲಿ ತೆರೆಯುತ್ತಲೇ ಇತ್ತು.

ಖಾತೆ ಸೇರಿಸುವುದು ವಿಫಲವಾದ ಆ ಪರದೆಯಲ್ಲೇ ಲಾಗ್ ನೋಡುವ ಗುಂಡಿ ಇದೆ. ಒತ್ತಿದೆ. ಇಂಥ ಆ್ಯಪ್‌ಗಳು ಸರ್ವರಿನಲ್ಲಿ ಕ್ಯಾಲೆಂಡರ್ ಎಲ್ಲಿಟ್ಟಿದ್ದಾರೆ ಅಂತ ಹುಡುಕಲು ‘ವೆಲ್-ನೋನ್’ ಅನ್ನುವ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಕೇಳುತ್ತವೆ. 2013ರಿಂದ ಇದಕ್ಕೊಂದು ಮಾನದಂಡವೇ ಇದೆ, ಆರ್‌ಎಫ್‌ಸಿ 6764 ಅಂತ. ಅಲ್ಲಿ ಸರ್ವರ್ ‘ಇಲ್ಲಿಲ್ಲ, ಆ ಕಡೆ ಹೋಗು’ ಅಂತ ಕೈ ತೋರಿಸಬೇಕು. ನೆಕ್ಸ್ಟ್‌ಕ್ಲೌಡ್ ಆದರೆ ‘ರಿಮೋಟ್ ಡಾಟ್ ಪಿಎಚ್‌ಪಿ, ಡ್ಯಾವ್’ ಅನ್ನುವ ಕಡೆಗೆ. ಲಾಗ್‌ನಲ್ಲಿ ಆ ಪ್ರಶ್ನೆ ಹೋಗಿದೆ, ಬಂದ ಉತ್ತರ 404. ಸರ್ವರ್ ಬದಲಿಸುವಾಗ ಆ ಕೈ ತೋರಿಸುವ ಸಾಲು ಬಿಟ್ಟುಹೋಗಿತ್ತು. ಹಳೇ ಫೋನುಗಳು ನಿಜವಾದ ವಿಳಾಸವನ್ನು ಆಗಲೇ ಬರೆದಿಟ್ಟುಕೊಂಡಿದ್ದರಿಂದ ಅವಕ್ಕೆ ಕೇಳುವ ಅಗತ್ಯವೇ ಬರಲಿಲ್ಲ. ಹೊಸ ಫೋನಿಗೆ ಮಾತ್ರ ಬಾಗಿಲು ಗೊತ್ತಿಲ್ಲ. ಆ ಎರಡು ಸಾಲು ಕಾಪಿ ಮಾಡಿ ಹೋಸ್ಟಿಂಗ್‌ನವರ ದೂರಿನ ಟಿಕೆಟ್‌ಗೆ ಹಾಕಿದೆ. ‘ಮೇಡಂ’ ಅಂತ ಎಳೆಯುತ್ತಿದ್ದ ಧ್ವನಿ ಬದಲಾಯಿತು, ಸಂಜೆಯೊಳಗೆ ಸರಿಯಾಯಿತು. ಅಲ್ಲಿಯವರೆಗೆ ಪೂರ್ತಿ ವಿಳಾಸವನ್ನೇ ಟೈಪ್ ಮಾಡಿ ಖಾತೆ ಸೇರಿಸಿದ್ದೆವು. ನಿಮಗೂ ಇದೇ ತೊಂದರೆ ಬಂದರೆ ಹಾಗೆ ಮಾಡಬಹುದು.

ಬ್ಯಾಟರಿ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಹೇಳುತ್ತೇನೆ, ಯಾಕೆಂದರೆ ನೂರಕ್ಕೆ ಎಂಬತ್ತು ಜನಕ್ಕೆ ಸಿಂಕ್ ನಿಲ್ಲುವುದು ಇದರಿಂದಲೇ ಅಂತ ನನ್ನ ಗುಮಾನಿ. ನಮ್ಮ ಹಿರಿಯ ಅಡುಗೆಯವರೊಬ್ಬರ ಹತ್ತಿರ ಕಡಿಮೆ ಬೆಲೆಯ ಫೋನು. ಮೆನು ಬದಲಾದದ್ದು ಅವರಿಗೆ ಮಾರನೇ ದಿನ ಗೊತ್ತಾಗುತ್ತಿತ್ತು. ಆ್ಯಪ್ ತೆರೆದು ಕೈಯಾರೆ ಸಿಂಕ್ ಒತ್ತಿದರೆ ಆ ಕ್ಷಣ ಬರುತ್ತದೆ, ತಾನಾಗಿ ಬರುವುದಿಲ್ಲ. ದೋಷದ ನೋಟಿಫಿಕೇಶನ್ ಕೂಡ ಇಲ್ಲ, ಯಾಕೆಂದರೆ ದೋಷವಾಗಲು ಮೊದಲು ಕೆಲಸ ಶುರುವಾಗಬೇಕಲ್ಲ. ಲಾಗ್ ನೋಡಿದರೆ ರಾತ್ರಿ ಒಂಬತ್ತರ ಆಮೇಲೆ ಬೆಳಿಗ್ಗೆ ಅವರು ಫೋನು ಕೈಗೆ ತಗೊಳ್ಳುವವರೆಗೆ ಒಂದು ಸಾಲೂ ಇಲ್ಲ. ಇಂಥ ಖಾಲಿ ಜಾಗವೂ ಒಂದು ಸಾಕ್ಷಿಯೇ. ಸರ್ವರಿನ ಕಡೆ ನೋಡುವ ಅಗತ್ಯವಿಲ್ಲ, ಫೋನೇ ಮಲಗಿದೆ.

ಉತ್ತರ ಸಿಕ್ಕಿದ್ದು ಡಿಬಗ್ ಇನ್ಫೋದಲ್ಲಿ. ಆಂಡ್ರಾಯ್ಡ್ 9ರಿಂದ ಫೋನು ತನ್ನ ಆ್ಯಪ್‌ಗಳನ್ನೆಲ್ಲ ‘ಸ್ಟ್ಯಾಂಡ್‌ಬೈ ಬಕೆಟ್’ ಅನ್ನುವ ವರ್ಗಗಳಲ್ಲಿ ಹಾಕಿಡುತ್ತದೆ. ನೀವು ಆಗಾಗ ತೆರೆಯುವ ಆ್ಯಪ್ ಮೇಲಿನ ವರ್ಗ. ಎಂದೋ ಒಮ್ಮೆ ತೆರೆಯುವುದು ‘ರೇರ್’. ಆಂಡ್ರಾಯ್ಡ್ 9 ಬಂದಾಗಿನ ಗೂಗಲ್ ಪಟ್ಟಿಯಲ್ಲಿ ಹಿನ್ನೆಲೆ ಕೆಲಸಗಳನ್ನು ಎರಡನೇ ವರ್ಗಕ್ಕೆ 2 ಗಂಟೆ, ಮೂರನೆಯದಕ್ಕೆ 8 ಗಂಟೆ, ರೇರ್‌ಗೆ 24 ಗಂಟೆವರೆಗೂ ಮುಂದೂಡಬಹುದು ಅಂತ ಇತ್ತು. ಡ್ಯಾವ್‌ಎಕ್ಸ್5 ಅನ್ನು ಯಾರೂ ತೆರೆಯುವುದೇ ಇಲ್ಲವಲ್ಲ, ತೆರೆಯದಿರುವುದೇ ಅದರ ಗುಣ. ಆದ್ದರಿಂದ ಫೋನು ಅದನ್ನು ಬೇಡದ ಆ್ಯಪ್ ಅಂತ ಲೆಕ್ಕ ಹಾಕಿ ಕೆಳಗೆ ತಳ್ಳುತ್ತದೆ. ಡಿಬಗ್ ಇನ್ಫೋದಲ್ಲಿ ಆ ಬಕೆಟ್‌ನ ಹೆಸರು ಬರೆದು ಪಕ್ಕದಲ್ಲಿ ತನ್ನ ಅಭಿಪ್ರಾಯವನ್ನೂ ಬರೆದಿತ್ತು: ‘ವೆರಿ ಬ್ಯಾಡ್’, ಕೆಲಸಕ್ಕೂ ನೆಟ್‌ವರ್ಕಿಗೂ ನಿರ್ಬಂಧ ಇದೆ ಅಂತ. ನನಗೆ ಈ ಆ್ಯಪ್ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಬರೀ ‘ಬಕೆಟ್ 40’ (ರೇರ್‌ಗೆ ಫೋನಿನ ಒಳಗಿನ ಸಂಖ್ಯೆ) ಅಂತ ಬರೆದು ಕೈ ತೊಳೆದುಕೊಂಡಿದ್ದರೆ ನನಗೇನು ತಿಳಿಯುತ್ತಿತ್ತು? ಒಳ್ಳೆಯದೋ ಕೆಟ್ಟದ್ದೋ ಅಂತಲೂ ಹೇಳಬೇಕು ಅನ್ನುವುದು ಬರೆದವರ ತಲೆಗೆ ಹೊಳೆದಿದೆ.

ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಆ್ಯಪ್ ಅನ್ನು ಹೊರಗಿಡುವ ಸ್ವಿಚ್ ಅದೇ ಸೆಟ್ಟಿಂಗ್ಸ್‌ನಲ್ಲಿದೆ. ಹಾಕಿದ ಮೇಲೆ ಅದೇ ಸಾಲು ‘ಎಕ್ಸೆಂಪ್ಟೆಡ್, ವೆರಿ ಗುಡ್’ ಆಯಿತು. ಕೆಲವು ಕಂಪನಿಗಳ ಫೋನಿನಲ್ಲಿ ಇಷ್ಟು ಸಾಲದು; ಆ ಕಂಪನಿಯದ್ದೇ ಆಟೋಸ್ಟಾರ್ಟ್ ಅಂತ ಇನ್ನೊಂದು ಕಡೆ ಇರುತ್ತದೆ, ಅದನ್ನೂ ಹುಡುಕಿ ಆನ್ ಮಾಡಬೇಕು. ನಮ್ಮ ಅಡುಗೆಯವರ ಫೋನಿನಲ್ಲಿ ಮಾಡಬೇಕಾಯಿತು. ಸಿಸ್ಟಂ ಅಪ್‌ಡೇಟ್ ಆದ ಮೇಲೆ ಒಮ್ಮೆ ಅದು ತಾನಾಗಿ ಆಫ್ ಆಗಿತ್ತು ಕೂಡ.

ಸಮಯದ ಗೊಂದಲವೊಂದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನ ಒಬ್ಬ ಗಿರಾಕಿ ಕಳಿಸಿದ ಕಾರ್ಯಕ್ರಮ ನಮ್ಮಲ್ಲಿ ಐದೂವರೆ ಗಂಟೆ ವ್ಯತ್ಯಾಸದಲ್ಲಿ ಕೂತಿತ್ತು. ಐದೂವರೆ ಅಂದ ಕೂಡಲೇ ಅರ್ಥ ಮಾಡಿಕೊಳ್ಳಿ, ಅದು ಗ್ರೀನಿಚ್‌ಗೂ ನಮಗೂ ಇರುವ ಅಂತರ. ಲಾಗ್‌ನಲ್ಲಿ ಆರಂಭದ ಸಮಯದ ಕೊನೆಗೆ ಜಡ್ ಅಕ್ಷರ ಇತ್ತು. ಹಾಗಿದ್ದರೆ ಅದು ಗ್ರೀನಿಚ್ ಸಮಯ. ಅವರು ನಮ್ಮ ಹತ್ತು ಗಂಟೆಯನ್ನೇ ಬರೆದು ಕೊನೆಗೆ ಜಡ್ ಸೇರಿಸಿ ಕಳಿಸುವ ಯಾವುದೋ ಸಾಫ್ಟ್‌ವೇರ್ ಬಳಸುತ್ತಿದ್ದರು. ನಾವು ಮುಹೂರ್ತವನ್ನು ಆಮಂತ್ರಣ ಪತ್ರಿಕೆ ನೋಡಿಯೇ ಹಾಕುವುದರಿಂದ ಅನಾಹುತ ಆಗಲಿಲ್ಲ.

ಈಗ ನಿಜವಾದ ಸ್ವಾರಸ್ಯದ ಪ್ರಸಂಗ. ಕನ್ನಡದಲ್ಲಿ ಬರೆಯುವವರು ಇದನ್ನು ಪೂರ್ತಿ ಓದಿ.

ನಮ್ಮ ಅತ್ತೆ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಗಿರಾಕಿಗಳು ತುಂಬುವ ಒಂದು ಬುಕಿಂಗ್ ಫಾರ್ಮ್ ಮಾಡಿಕೊಟ್ಟ. ತುಂಬಿದ ಕೂಡಲೇ ಅದೇ ಕ್ಯಾಲೆಂಡರಿನಲ್ಲಿ ಬುಕಿಂಗ್ ಆಗಿ ಬಂದು ಕೂರುತ್ತದೆ, ಕೆಳಗೆ ವಿವರಣೆಯಲ್ಲಿ ಮೆನು. ಬಹಳ ಅನುಕೂಲವಾಯಿತು. ಆದರೆ ಕೆಲವು ಮೆನುಗಳಲ್ಲಿ ನಡುನಡುವೆ ಅಕ್ಷರ ನುಂಗಿಹೋಗಿ ಆ ಜಾಗದಲ್ಲಿ ಕಪ್ಪು ವಜ್ರದಾಕಾರದೊಳಗೆ ಪ್ರಶ್ನೆ ಚಿಹ್ನೆ, ಅದೂ ಜೋಡಿಯಾಗಿ. ಅಪ್ಪೆಹುಳಿಯಲ್ಲಿ ‘ಹ’ ಹೋಗಿ ಕೊಂಬು ಮಾತ್ರ ಉಳಿದಿತ್ತು. ಇನ್ನೊಂದರಲ್ಲಿ ಕೋಸಂಬರಿಯ ‘ಸ’ ಇಲ್ಲ. ತಂಬುಳಿ, ಹೋಳಿಗೆ ಇವೆಲ್ಲ ಒಂದು ಬುಕಿಂಗ್‌ನಲ್ಲಿ ಸರಿ ಇದ್ದರೆ ಇನ್ನೊಂದರಲ್ಲಿ ಹಾಳು. ಇಂಗ್ಲಿಷಿನಲ್ಲಿ ತುಂಬಿದ ಮೆನುವಿಗೆ ಎಂದೂ ಏನೂ ಆಗುತ್ತಿರಲಿಲ್ಲ. ‘ಅದು ಫೋನಿನ ಫಾಂಟ್ ಪ್ರಾಬ್ಲಂ ಅಕ್ಕ’ ಅಂದ ಅವನು. ಅಪ್ಪಯ್ಯ ಕನ್ನಡಕ ಏರಿಸಿ ನೋಡಿ, ‘ಡೈರಿಲಿ ಬರ್ಕೊಂಡಿದ್ರೆ ಇಷ್ಟೆಲ್ಲ ಬೇಕಿತ್ತೇನೆ?’ ಅಂದರು.

ವರ್ಬೋಸ್ ಲಾಗಿಂಗ್ ಆನ್ ಮಾಡಿ ಆ ಕ್ಯಾಲೆಂಡರನ್ನು ಮತ್ತೆ ಇಳಿಸಿಕೊಂಡೆ. ವರ್ಬೋಸ್ ಆದಾಗ ಬರೀ 207 ಅನ್ನುವ ಸಂಖ್ಯೆ ಅಲ್ಲ, ಸರ್ವರ್ ಕಳಿಸಿದ ಪೂರ್ತಿ ಪಠ್ಯ ಲಾಗ್‌ನಲ್ಲಿ ಬೀಳುತ್ತದೆ. ಅಲ್ಲಿ ಆ ಬುಕಿಂಗ್ ಹುಡುಕಿದೆ. ಡಿಸ್ಕ್ರಿಪ್ಶನ್ ಅನ್ನುವ ಸಾಲು ಉದ್ದವಾದ್ದರಿಂದ ತುಂಡು ಮಾಡಿ ಕೆಳಕೆಳಗೆ ಬರೆದಿತ್ತು, ಮುಂದುವರಿದ ಪ್ರತಿ ಸಾಲಿನ ಮೊದಲಿಗೆ ಒಂದು ಖಾಲಿ ಜಾಗ. ವಜ್ರಗಳು ಎಲ್ಲೆಂದರಲ್ಲಿ ಇರಲಿಲ್ಲ. ಒಂದು ಸಾಲಿನ ಕೊನೆಯಲ್ಲಿ ಒಂದು, ಮುಂದಿನ ಸಾಲಿನ ಶುರುವಿನಲ್ಲಿ ಒಂದು. ಬೇರೆಲ್ಲೂ ಇಲ್ಲ! ಸರ್ವರಿನಿಂದ ಬರುವಾಗಲೇ ಹಾಗೆ ಬಂದಿದೆ ಅಂದಮೇಲೆ ಫೋನು, ಫಾಂಟು, ಕ್ಯಾಲೆಂಡರ್ ಆ್ಯಪ್ ಎಲ್ಲವೂ ನಿರ್ದೋಷಿ. ಫೋನಿನಲ್ಲೇ ಬರೆದು ಮೇಲೆ ಕಳಿಸಿದ ಬುಕಿಂಗ್‌ಗಳಲ್ಲಿ ಒಂದೂ ವಜ್ರವಿಲ್ಲದ್ದರಿಂದ ಸರ್ವರ್ ಕೂಡ ಬಚಾವು. ಉಳಿದದ್ದು ಫಾರ್ಮ್.

ಸ್ಕ್ರೀನ್‌ಶಾಟ್ ಕಳಿಸಿದೆ. ಈ ಸಲ ಫಾಂಟ್ ಅನ್ನಲಿಲ್ಲ, ರಾತ್ರಿ ಅವನೇ ಫೋನ್ ಮಾಡಿ ವಿವರಿಸಿದ. ಕ್ಯಾಲೆಂಡರ್ ಫೈಲಿನ ನಿಯಮದ ಪ್ರಕಾರ ಒಂದು ಸಾಲು 75 ಬೈಟ್ (ಕಂಪ್ಯೂಟರ್ ಪಠ್ಯ ಅಳೆಯುವ ಚಿಕ್ಕ ಅಳತೆ) ಮೀರಬಾರದು, ಮೀರಿದರೆ ಮಡಿಸಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್, ಎಲ್ಲಿ ಕತ್ತರಿಸಿದರೂ ನಷ್ಟವಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್. ಚಿಹ್ನೆ ಅಂದರೆ ನಾವು ಎಣಿಸುವ ಅಕ್ಷರವಲ್ಲ. ವ್ಯಂಜನ ಒಂದು, ಅರ್ಧಾಕ್ಷರದ ಗುರುತು ಒಂದು, ಗುಣಿತದ ಗುರುತು ಒಂದು, ಹೀಗೆ ಬೇರೆ ಬೇರೆ. ‘ಪ್ಪೆ’ ಒಂದಕ್ಕೇ ನಾಲ್ಕು ಚಿಹ್ನೆ, ಹನ್ನೆರಡು ಬೈಟ್. ‘ಅಪ್ಪೆಹುಳಿ’ ಅನ್ನಲು 27 ಬೈಟ್. ಮುಂದುವರಿದ ಸಾಲಿನಲ್ಲಿ ಮೊದಲ ಖಾಲಿ ಜಾಗಕ್ಕೆ ಒಂದು ಹೋಗಿ 74 ಉಳಿಯುತ್ತದೆ. ಅದರಲ್ಲಿ 24 ಕನ್ನಡ ಚಿಹ್ನೆ ಹಿಡಿದು ಎರಡು ಬೈಟ್ ಮಿಗುತ್ತದೆ. ಇಪ್ಪತ್ತೈದನೆಯ ಚಿಹ್ನೆಯ ಎರಡು ಪಾಲು ಈ ಸಾಲಿನಲ್ಲಿ, ಒಂದು ಪಾಲು ಮುಂದಿನ ಸಾಲಿನಲ್ಲಿ. ಅವನ ಪ್ರೋಗ್ರಾಂ ಬೈಟ್ ಎಣಿಸಿ ಖಡಾಖಂಡಿತ 75ಕ್ಕೆ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಮತ್ತೆ ಅಕ್ಷರ ಮಾಡುತ್ತಿತ್ತು. ಅರ್ಧಂಬರ್ಧ ಬೈಟ್‌ಗಳಿಂದ ಅಕ್ಷರ ಹುಟ್ಟುವುದಿಲ್ಲ, ವಜ್ರ ಹುಟ್ಟುತ್ತದೆ. ಪದಗಳ ನಡುವಿನ ಜಾಗ, ಅಲ್ಪವಿರಾಮ ಇವೆಲ್ಲ ಲೆಕ್ಕವನ್ನು ಆಚೀಚೆ ಮಾಡುವುದರಿಂದ ಕೆಲವು ಸಲ ಅದೃಷ್ಟಕ್ಕೆ ಸರಿಯಾದ ಕಡೆ ಕತ್ತರಿ ಬೀಳುತ್ತಿತ್ತು. ಸಣ್ಣ ಮೆನು ಆದರೆ ಕತ್ತರಿಸುವ ಪ್ರಮೇಯವೇ ಇಲ್ಲ. ಅದಕ್ಕೇ ವೈದಿಕದ ಊಟದ ಮೆನು ಯಾವಾಗಲೂ ಶುದ್ಧ, ಮದುವೆ ಮೆನುಗೇ ಕಾಟ.

ಕತ್ತರಿಸುವ ಜಾಗ ಅಕ್ಷರದ ಮಧ್ಯೆ ಬಂದರೆ ಒಂದು ಹೆಜ್ಜೆ ಹಿಂದೆ ಸರಿ ಅಂತ ಅವನು ತಿದ್ದಿದ. ಆಮೇಲೆ ಬಂದ ಬುಕಿಂಗ್‌ಗಳಲ್ಲಿ ವಜ್ರ ಕಂಡಿಲ್ಲ. ಹಳೆಯವನ್ನು ಮಾತ್ರ ಕೈಯಾರೆ ತಿದ್ದಬೇಕಾಯಿತು, ಹೋದ ಅಕ್ಷರ ಸರ್ವರಿನಲ್ಲೂ ಇರಲಿಲ್ಲವಲ್ಲ. ಈ ಲಾಗ್ ಇಲ್ಲದಿದ್ದರೆ ನಾವು ಫಾಂಟು ಬದಲಿಸುತ್ತಾ, ಕ್ಯಾಲೆಂಡರ್ ಆ್ಯಪ್ ಬದಲಿಸುತ್ತಾ, ಕೊನೆಗೆ ‘ಇಂಗ್ಲಿಷಿನಲ್ಲೇ ತುಂಬಿ’ ಅಂತ ಫಾರ್ಮಿನ ಮೇಲೆ ಬರೆದುಬಿಡುತ್ತಿದ್ದೆವು. ಕನ್ನಡದ ಎಷ್ಟೋ ಫಾರ್ಮುಗಳು ಇಂಗ್ಲಿಷಾಗುವುದು ಹೀಗೇ ಇರಬೇಕು ಅಂತ ಅನ್ನಿಸಿತು.

ಹೊಗಳಿದ್ದು ಸಾಕು. ಕೊರತೆಗಳೂ ಇವೆ. ಲಾಗ್ ಪೂರ್ತಿ ಇಂಗ್ಲಿಷ್, ಅದೂ ಡೆವಲಪರ್ ಇಂಗ್ಲಿಷ್. ಒಂದು ದೋಷ ಬಂದರೆ ಅದರ ಕೆಳಗೆ ಜಾವಾ ಅನ್ನುವ ಪ್ರೋಗ್ರಾಂ ಭಾಷೆಯ ಉದ್ದನೆಯ ಸಾಲುಗಳ ಸರಪಳಿ ಬರುತ್ತದೆ, ಹೊಸಬರು ಹೆದರಿ ಮುಚ್ಚಿಬಿಡುತ್ತಾರೆ. ಆ ಸರಪಳಿಯ ಮೊದಲ ಸಾಲು, ‘ಕಾಸ್ಡ್ ಬೈ’ ಅಂತ ಶುರುವಾಗುವ ಸಾಲುಗಳು, ಇಷ್ಟು ನೋಡಿದರೆ ಸಾಕು, ಮಿಕ್ಕದ್ದು ಮಾಡಿದವರಿಗೆ. ಕಾಂಟ್ಯಾಕ್ಟ್‌ಗಳಲ್ಲಿ ಫೋಟೋ ಇಟ್ಟಿದ್ದರೆ ಅವೆಲ್ಲ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಲಾಗ್ ತುಂಬ ಹರಡಿಕೊಳ್ಳುತ್ತವೆ, ಬೇಕಾದ ಸಾಲು ಹುಡುಕಲು ಬೆರಳು ನೋಯುವಷ್ಟು ಸರಿಸಬೇಕು. ನಾನು ಫೈಲನ್ನು ಲ್ಯಾಪ್‌ಟಾಪ್‌ಗೆ ಕಳಿಸಿ ಅಲ್ಲಿ ಹುಡುಕುತ್ತೇನೆ. ಇನ್ನೊಂದು ಗಮನಿಸಿ: ಕೆಲಸವಾದ ಮೇಲೆ ವರ್ಬೋಸ್ ಲಾಗಿಂಗ್ ಆಫ್ ಮಾಡಿದರೆ ಆ ಲಾಗ್ ಫೈಲು ಅಳಿಸಿಹೋಗುತ್ತದೆ. ಮೊದಲು ಶೇರ್ ಮಾಡಿಕೊಳ್ಳಿ, ಆಮೇಲೆ ಆಫ್ ಮಾಡಿ. ಹಾಗಂತ ಆನ್ ಇಟ್ಟೇ ಮರೆಯಬೇಡಿ, ಫೈಲು ಬೆಳೆಯುತ್ತಲೇ ಇರುತ್ತದೆ.

ಗುಟ್ಟಿನ ವಿಷಯ ಇದಕ್ಕಿಂತ ಮುಖ್ಯ. ಪಾಸ್‌ವರ್ಡ್ ಹೋಗುವ ಸಾಲಿನಲ್ಲಿ ಲಾಗ್ ಕಪ್ಪು ಚೌಕ ಹಾಕಿ ಮುಚ್ಚುತ್ತದೆ, ಅಷ್ಟು ಜಾಣತನ ಇದೆ. ಉಳಿದದ್ದನ್ನು ಮುಚ್ಚುವುದಿಲ್ಲ, ಮುಚ್ಚಿದರೆ ಡಿಬಗ್ ಮಾಡುವುದು ಹೇಗೆ? ನಮ್ಮ ಲಾಗ್‌ನಲ್ಲಿ ಗಿರಾಕಿಗಳ ಹೆಸರು, ಮನೆ, ನಂಬರು, ಯಾವ ತಾರೀಕು ಮನೆಗೆ ಬೀಗ ಹಾಕಿ ಛತ್ರಕ್ಕೆ ಹೋಗುತ್ತಾರೆ ಅನ್ನುವುದೂ ಇರುತ್ತದೆ. ಇದನ್ನು ಹಾಗೇ ಎತ್ತಿ ಹೋಸ್ಟಿಂಗ್‌ನವರಿಗೋ, ಎಲ್ಲರೂ ನೋಡುವ ಜಾಗಕ್ಕೋ ಹಾಕಬಾರದು. ನಾನು ಬೇಕಾದ ಸಾಲುಗಳನ್ನಷ್ಟೇ ಕತ್ತರಿಸಿ, ಹೆಸರಿದ್ದಲ್ಲಿ ಎಕ್ಸ್ ಹಾಕಿ ಕಳಿಸುತ್ತೇನೆ. ಪರೀಕ್ಷೆಗೆ ಅಂತಲೇ ಒಂದು ಖಾಲಿ ಕ್ಯಾಲೆಂಡರ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು: ಬೇರೆಲ್ಲದರ ಸಿಂಕ್ ಟಿಕ್ ತೆಗೆದು ಅದೊಂದನ್ನೇ ಬಿಟ್ಟರೆ ಲಾಗ್ ಚಿಕ್ಕದಾಗುತ್ತದೆ, ಗುಟ್ಟೂ ಉಳಿಯುತ್ತದೆ.

ಬೇರೆ ಆ್ಯಪ್‌ಗಳಲ್ಲಿ ಇಂಥದ್ದು ಇಲ್ಲವೆಂದಲ್ಲ. ಮೆಸೇಜ್ ಕಳಿಸುವ ಸಿಗ್ನಲ್‌ನಲ್ಲಿ ಹೆಲ್ಪ್ ಒಳಗೆ ಡಿಬಗ್ ಲಾಗ್ ಇದೆ. ಅದು ಲಾಗನ್ನು ಅಪ್‌ಲೋಡ್ ಮಾಡಿ ಒಂದು ಲಿಂಕ್ ಕೊಡುತ್ತದೆ, ಅದು ಹೆಚ್ಚಾಗಿ ಅವರು ಓದಲಿಕ್ಕೆ. ಪಾಡ್‌ಕ್ಯಾಸ್ಟ್ ಕೇಳುವ ಆಂಟೆನಾಪಾಡ್ ಕೂಡ ವಿವರವಾದ ಲಾಗ್ ರಫ್ತು ಮಾಡಲು ಬಿಡುತ್ತದೆ. ತಂಗಿಯ ಐಫೋನಿನಲ್ಲಿ ಇದೇ ಕ್ಯಾಲೆಂಡರ್ ಸೇರಿಸಿದ್ದೇವೆ. ನಡೆದಾಗ ಬೆಣ್ಣೆಯಂತೆ ನಡೆಯುತ್ತದೆ. ನಡೆಯದಿದ್ದಾಗ ಖಾತೆಯ ಮಾಹಿತಿ ಪರಿಶೀಲಿಸಲು ಆಗಲಿಲ್ಲ ಅನ್ನುವ ಒಂದೇ ವಾಕ್ಯ, ಅದರ ಹಿಂದೆ ಏನಿದೆ ಅಂತ ನೋಡಲು ಫೋನಿನಲ್ಲಿ ಬಾಗಿಲೇ ಇಲ್ಲ. ಆಗ ನಾನು ನನ್ನ ಆಂಡ್ರಾಯ್ಡ್‌ನಲ್ಲಿ ಡ್ಯಾವ್‌ಎಕ್ಸ್5 ಲಾಗ್ ತೆಗೆದು, ಅದರಿಂದ ಕಾರಣ ತಿಳಿದು, ಅವಳ ಫೋನು ಸರಿ ಮಾಡುತ್ತೇನೆ.

ಯಾರಿಗೆ ಬೇಕು ಅಂದರೆ, ಗೂಗಲ್ ಕ್ಯಾಲೆಂಡರಿನಲ್ಲೇ ಸುಖವಾಗಿರುವವರಿಗೆ ಇದರ ಗೊಡವೆ ಬೇಡ. ಸ್ವಂತ ಸರ್ವರ್, ಕಚೇರಿಯ ಸರ್ವರ್, ಸಂಘದ ಹಂಚಿಕೆಯ ಕ್ಯಾಲೆಂಡರ್ ಇದ್ದವರು ಕಣ್ಣು ಮುಚ್ಚಿ ತಗೊಳ್ಳಬಹುದು. ನನ್ನ ಫೋನಿಗೆ ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟೇ ತಗೊಂಡೆ. ಅಡುಗೆಯವರ ಫೋನುಗಳಲ್ಲಿ ಅವರವರ ಗೂಗಲ್ ಖಾತೆ ಇರುವುದರಿಂದ ಅಲ್ಲಿ ಎಫ್-ಡ್ರಾಯ್ಡ್‌ನದ್ದು ಹಾಕಿ, ಅದರ ಬದಲಿಗೆ ಮಾಡಿದವರಿಗೆ ಒಂದಿಷ್ಟು ದೇಣಿಗೆ ಕಳಿಸಿದ್ದೇನೆ. ಐದಕ್ಕೆ ನಾಲ್ಕೂವರೆ. ಆ ಅರ್ಧ, ಹೆಸರು ನಂಬರುಗಳನ್ನು ತಾನಾಗಿ ಮುಚ್ಚಿ ಲಾಗ್ ಶೇರ್ ಮಾಡುವ ಗುಂಡಿಯೊಂದು ಬಂದ ದಿನ ಕೊಡುತ್ತೇನೆ.